ಶಾಲೆ ಸೋರುತ್ತಿದೆ, ಅರ್ಜಿ ಎಲ್ಲಿ ನಿಂತಿದೆ? ಹಳೇ ಕೊಠಡಿ ದುರಸ್ತಿ, ತೆರವು ನಡೆಯುವ ದಾರಿ ಇದು

ಶಿವಮೊಗ್ಗ: ಮೇ ಕೊನೇ ವಾರ ಶಾಲೆ ಬಾಗಿಲು ತೆಗೆದ ಕೂಡಲೇ ಮಲೆನಾಡಿನ ಹೆಡ್ ಮಾಸ್ಟ್ರು ಮೊದಲು ನೋಡೋದು ಹಾಜರಿ ಪುಸ್ತಕ ಅಲ್ಲ, ಮಾಡು. ಬೇಸಿಗೆ ರಜೆಯಲ್ಲಿ ಮಂಗಗಳು ಎಷ್ಟು ಹೆಂಚು ಎಳೆದು ಹಾಕಿವೆ, ಪಕ್ಕದ ಮರದ ಕೊಂಬೆ ಎಲ್ಲಿ ಬಿದ್ದಿದೆ, ಗೋಡೆ ಮೇಲೆ ಗೆದ್ದಲಿನ ಹೊಸ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಲೆಕ್ಕ ಹಾಕ್ತಾರೆ. ಅಷ್ಟು ಹೊತ್ತಿಗೆ ಆಕಾಶ ಕಪ್ಪಾಗಿರುತ್ತೆ. ಮಳೆ ಒಮ್ಮೆ ಹಿಡಿಯಿತು ಅಂದರೆ ಆಗಸ್ಟ್ ತನಕ ಮಾಡಿನ ಮೇಲೆ ಮನುಷ್ಯ ಹತ್ತೋ ಹಾಗಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದು ಪ್ರತಿ ವರ್ಷದ ಕಥೆ. ಸೊರಬ, ಶಿಕಾರಿಪುರ, ಭದ್ರಾವತಿ ಕಡೆ ಮಳೆ ಸ್ವಲ್ಪ ಕಡಿಮೆ, ಕಥೆ ಮಾತ್ರ ಅದೇ. ಸೋರುವ ಕಡೆ ಬಕೆಟ್ ಇಡೋದು, ಬೆಂಚು ಈ ಮೂಲೆಯಿಂದ ಆ ಮೂಲೆಗೆ ಸರಿಸೋದು, ಗಾಳಿ ಜೋರಾದರೆ ಮಕ್ಕಳನ್ನು ಇನ್ನೊಂದು ರೂಮಿಗೆ ಕಳಿಸೋದು. ಊರಲ್ಲಿ ಕೇಳೋ ಪ್ರಶ್ನೆ ಎರಡೇ. ಇಷ್ಟು ವರ್ಷ ಯಾಕೆ ರಿಪೇರಿ ಮಾಡಲಿಲ್ಲ? ರಿಪೇರಿ ಆಗಲ್ಲ ಅಂದರೆ ಕೆಡವಿ ಹೊಸತು ಯಾಕೆ ಕಟ್ಟಲ್ಲ?

ಎರಡಕ್ಕೂ ಉತ್ತರ ಇದೆ. ಆದರೆ ಇವೆರಡರ ನಡುವೆ ಇನ್ನೊಂದು ಸ್ಥಿತಿ ಇದೆ. ಕಟ್ಟಡ ಶಿಥಿಲ ಅಂತ ಎಲ್ಲರಿಗೂ ಗೊತ್ತು, ದುರಸ್ತಿಯೂ ಆಗಿಲ್ಲ, ತೆರವೂ ಆಗಿಲ್ಲ. ಆ ಸ್ಥಿತಿಯಲ್ಲೇ ನಾಲ್ಕೈದು ಮಳೆಗಾಲ ಕಳೆದುಬಿಡುತ್ತೆ. ಮಕ್ಕಳಿಗೆ ನಿಜವಾದ ಅಪಾಯ ಇರೋದು ಆ ವರ್ಷಗಳಲ್ಲಿ.

ವಯಸ್ಸಾಯಿತು ಅಂತ ಕಟ್ಟಡ ಬೀಳಲ್ಲ

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಅರವತ್ತು ವರ್ಷ ಆಯ್ತು, ಅದಕ್ಕೇ ಬೀಳ್ತಿದೆ ಅಂತಾರೆ. ಅದೇ ಊರಲ್ಲಿ ನೂರು ವರ್ಷದ ಹೆಂಚಿನ ಮನೆ ಗಟ್ಟಿಯಾಗಿ ನಿಂತಿರುತ್ತೆ, ಒಳಗೆ ಜನ ಸಂಸಾರ ಮಾಡ್ತಿರ್ತಾರೆ. ವ್ಯತ್ಯಾಸ ಇಷ್ಟೇ: ಆ ಮನೆಯವರು ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸ್ತಾರೆ. ಒಡೆದದ್ದು ತೆಗೆದು ಹೊಸತು ಕೂರಿಸ್ತಾರೆ, ಕಸ ಗುಡಿಸ್ತಾರೆ, ಕೊಳೆತ ರೀಪು ಬದಲಾಯಿಸ್ತಾರೆ. ಶಾಲೆಯ ಮಾಡಿಗೆ ಆ ಯಜಮಾನ ಇಲ್ಲ.

ಮಂಗಳೂರು ಹೆಂಚಿನ ಮಾಡು ಹೇಗೆ ಹಾಳಾಗುತ್ತೆ ಅಂತ ಬಡಗಿಗಳನ್ನು ಕೇಳಿದರೆ ಎಲ್ಲರೂ ಒಂದೇ ಕ್ರಮ ಹೇಳ್ತಾರೆ. ಒಂದು ಹೆಂಚು ಒಡೆಯುತ್ತೆ. ಅಲ್ಲಿಂದ ಇಳಿದ ನೀರು ಕೆಳಗಿನ ರೀಪು ನೆನೆಸುತ್ತೆ. ರೀಪಿನಿಂದ ಪಕಾಸಿಗೆ, ಪಕಾಸಿನ ಗುಂಟ ಜಾರಿ ಅದು ಗೋಡೆ ಮೇಲೆ ಕೂತಿರುವ ಜಾಗಕ್ಕೆ. ಆ ಜಾಗಕ್ಕೆ ಗಾಳಿ ಆಡಲ್ಲ, ಒದ್ದೆ ಆರಲ್ಲ. ಮರ ಅಲ್ಲಿ ಒಳಗಿಂದ ಮೆತ್ತಗಾಗುತ್ತೆ, ಹೊರಗೆ ಬಣ್ಣ ಹಾಗೇ ಇರುತ್ತೆ. ಗೆದ್ದಲೂ ಗೋಡೆ ಹತ್ತಿ ಬರೋದು ಅಲ್ಲಿಗೇ. ಪಕಾಸಿನ ತುದಿ ಒಂದು ಇಂಚು ಕುಸಿದರೆ ಸಾಲಿನ ಹೆಂಚು ಕಚ್ಚು ಬಿಟ್ಟು ಜಾರುತ್ತೆ. ಇನ್ನಷ್ಟು ನೀರು. ಒಂದು ಹೆಂಚಿನ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಮೂರನೇ ವರ್ಷಕ್ಕೆ ಇಡೀ ಮಾಡಿಗೆ ಬಂದಿರುತ್ತೆ.

ತೂಕದ ಲೆಕ್ಕವೂ ಗೊತ್ತಿರಲಿ. ಒಂದು ಹೆಂಚು ಎರಡರಿಂದ ಮೂರು ಕೆಜಿ. ನೂರು ಚದರಡಿಗೆ ಸುಮಾರು 150 ಹೆಂಚು ಬೇಕು. 20 ಅಡಿಗೆ 20 ಅಡಿಯ ಒಂದು ಕ್ಲಾಸ್ ರೂಮಿನ ಮಾಡು, ಇಳಿಜಾರು ಮತ್ತು ಹೊರಚಾಚು ಸೇರಿ ಐನೂರು ಚದರಡಿ ದಾಟುತ್ತೆ. ಅಂದರೆ ಮಕ್ಕಳ ತಲೆ ಮೇಲೆ ಹತ್ತಿರ ಹತ್ತಿರ ಎರಡು ಟನ್ ಇರುತ್ತೆ. ಮಳೆಗೆ ನೆನೆದರೆ ಇನ್ನೂ ಭಾರ.

ಇನ್ನೊಂದು ತೊಡಕು, ಹೆಂಚು ಸಿಗೋದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಎಷ್ಟೋ ಮುಚ್ಚಿದವು. ಒಬ್ಬರ ಹೆಂಚಿನ ಕಚ್ಚು ಇನ್ನೊಬ್ಬರ ಹೆಂಚಿಗೆ ಸರಿಯಾಗಿ ಕೂರಲ್ಲ. ಕೂರದ ಹೆಂಚು ಹಾಕಿದರೆ ಸೋರಿಕೆ ನಿಲ್ಲಲ್ಲ. ಅದಕ್ಕೇ ತಾಲೂಕಿನಲ್ಲಿ ಹಳೇ ಮನೆ ಬಿಚ್ಚುವವರ ಹತ್ತಿರ ಇರುವ ಹೆಂಚಿಗೆ ಶಾಲೆ ಲೆಕ್ಕದಲ್ಲಿ ಬೆಲೆ ಇದೆ. ನೂರು ಹೆಂಚು ಕೊಟ್ಟವರು ಐವತ್ತು ನೋಟ್ ಬುಕ್ ಕೊಟ್ಟವರಿಗಿಂತ ದೊಡ್ಡ ಉಪಕಾರ ಮಾಡಿದ ಹಾಗೆ, ಫೋಟೊ ಚೆನ್ನಾಗಿ ಬರಲ್ಲ ಅಷ್ಟೇ.

ಆರ್‌ಸಿಸಿ ಅಂದ ಮಾತ್ರಕ್ಕೆ ನೆಮ್ಮದಿ ಇಲ್ಲ

1987ರಲ್ಲಿ ಬಂದ ಆಪರೇಷನ್ ಬ್ಲ್ಯಾಕ್‌ಬೋರ್ಡ್, 2001ರ ನಂತರದ ಸರ್ವ ಶಿಕ್ಷಾ ಅಭಿಯಾನ, ಈ ಎರಡು ಕಾಲದಲ್ಲಿ ಹಳ್ಳಿ ಶಾಲೆಗಳಿಗೆ ತಾರಸಿ ಕೊಠಡಿಗಳು ಬಂದವು. ಇವತ್ತು ಹೆಂಚಿನ ಕೊಠಡಿಗಿಂತ ಮೊದಲು ಕೈಕೊಡ್ತಿರೋದು ಎಷ್ಟೋ ಕಡೆ ಇವೇ.

ಕಾರಣ ಮತ್ತೆ ನೀರು. ತಾರಸಿ ಮೇಲೆ ಎಲೆ ಬಿದ್ದು ಮಳೆನೀರಿನ ಪೈಪಿನ ಬಾಯಿ ಕಟ್ಟುತ್ತೆ, ನೀರು ವಾರಗಟ್ಟಲೆ ನಿಲ್ಲುತ್ತೆ. ಮೆಲ್ಲಗೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳಿಗೆ ತಾಗುತ್ತೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಜಾಗ ಎಲ್ಲಿದೆ? ಕೆಳಗಿನ ಕಾಂಕ್ರೀಟನ್ನು ಒದ್ದು ಬೀಳಿಸುತ್ತೆ. ಚಾವಣಿಯಿಂದ ಸಿಮೆಂಟ್ ಚಕ್ಕೆ ಉದುರೋದು, ಒಳಗೆ ಕೆಂಪು ಸರಳು ಕಾಣೋದು ಇದಕ್ಕೇ. ಸರಳಿನ ಕೆಳಗೆ ಎರಡು ಸೆಂಟಿಮೀಟರ್‌ನಷ್ಟಾದರೂ ಕಾಂಕ್ರೀಟ್ ಹೊದಿಕೆ ಇರಬೇಕು ಅನ್ನೋದು ನಿಯಮ. ಕಟ್ಟುವಾಗ ಸರಳು ನೇರವಾಗಿ ಹಲಗೆ ಮೇಲೇ ಕೂತಿದ್ದರೆ ಇಪ್ಪತ್ತು ವರ್ಷಕ್ಕೇ ಈ ಗತಿ.

ಇಲ್ಲಿ ತೂಕ ಇನ್ನೂ ಹೆಚ್ಚು. ನಾಲ್ಕು ಇಂಚು ದಪ್ಪದ ತಾರಸಿ ಅದೇ ಅಳತೆಯ ರೂಮಿಗೆ ಒಂಬತ್ತು ಟನ್ ಮೀರುತ್ತೆ. ಅದರ ಮೇಲೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿದರೆ ಇನ್ನೊಂದು ಟನ್. ಹಳೇ ತಾರಸಿ ಮೇಲೆ ಟ್ಯಾಂಕ್ ಇಡೋ ಮುಂಚೆ ಇಂಜಿನಿಯರನ್ನು ಕೇಳಿದ ಶಾಲೆ ಬಹಳ ಕಡಿಮೆ. ಟ್ಯಾಂಕಿನ ಕೀಲು ಸೋರಿ ಅದೇ ಜಾಗದಲ್ಲಿ ಪಾಚಿ ಕಟ್ಟಿದ್ದರಂತೂ ಆ ಕೊಠಡಿ ಬಗ್ಗೆ ತಡ ಮಾಡಬಾರದು.

ಊರವರು ನೋಡಿ ತಿಳಿಯೋ ಗುರುತು

ಎಲ್ಲ ಬಿರುಕೂ ಅಪಾಯ ಅಲ್ಲ. ಗಾರೆ ಮೇಲೆ ಕೂದಲೆಳೆಯ ಹಾಗೆ ಅಲ್ಲಲ್ಲಿ ಬಿಟ್ಟಿರೋದು ಒಣಗುವಾಗ ಬಂದದ್ದು. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿರೋದು, ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣೋದು, ಕಲ್ಲಿನ ಸಂದಿಗುಂಟ ಮೆಟ್ಟಿಲಿನ ಹಾಗೆ ಇಳಿದಿರೋದು, ಇವುಗಳನ್ನು ಬರೆದಿಡಬೇಕು. ಗೋಡೆ ಹೊರಕ್ಕೆ ಉಬ್ಬಿದ್ದರೆ, ನಿನ್ನೆ ತನಕ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಂಡರೆ, ಮಾಡಿನ ನಡುಗೆರೆ ಬಾಗಿದ್ದರೆ ಆ ದಿನವೇ ಮಕ್ಕಳನ್ನು ಹೊರಗೆ ಕರೆದು ಬೀಗ ಹಾಕೋದು ಸರಿ. ಆಮೇಲೆ ಕಾಗದ ಬರೆಯಬಹುದು.

ಬಿರುಕು ಬೆಳೆಯುತ್ತಿದೆಯಾ ಅಂತ ನೋಡಲಿಕ್ಕೆ ಮೇಸ್ತ್ರಿಗಳ ಹಳೇ ಉಪಾಯ ಇದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತಾರೀಕು ಬರೆಯೋದು. ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿ ಸಿಮೆಂಟಿನಲ್ಲಿ ಅಂಟಿಸೋದು. ಗಾಜು ಒಡೆಯಿತು ಅಂದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ತಾರೀಕು ಇರುವ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡರೆ ಮುಂದೆ ಕಚೇರಿಯಲ್ಲಿ ಅದೇ ದಾಖಲೆ.

ಬಣ್ಣದ ವಿಚಾರ ಇಲ್ಲೇ ಹೇಳಿಬಿಡೋದು ವಾಸಿ. ಹಳೇ ವಿದ್ಯಾರ್ಥಿಗಳು, ಅಂಗಡಿಯವರು ಸೇರಿ ಶಾಲೆಗೆ ರೈಲು ಬೋಗಿ ಥರ ಬಣ್ಣ ಬಳಿಸೋದು ಈಗ ಎಲ್ಲ ಕಡೆ ನಡೀತಿದೆ. ಮಕ್ಕಳಿಗೆ ಖುಷಿ, ಒಳ್ಳೇದೇ. ಆದರೆ ಬಿರುಕಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದರೆ ಇಂಜಿನಿಯರ್ ಬಂದಾಗ ನೋಡಲಿಕ್ಕೆ ಏನೂ ಉಳಿದಿರಲ್ಲ. ಮಾಡು ಮೊದಲು, ಬಣ್ಣ ಕೊನೆಗೆ.

ಶಾಲೆ ಖಾತೆಯಲ್ಲಿ ಇರೋ ದುಡ್ಡೆಷ್ಟು?

ಶಾಲೆಗೆ ಅನುದಾನ ಬರುತ್ತಲ್ಲ, ಅದೇನಾಯ್ತು ಅಂತ ಊರಲ್ಲಿ ಕೇಳೋದು ಸಹಜ. ಸಮಗ್ರ ಶಿಕ್ಷಣದಲ್ಲಿ ಶಾಲೆಗೆ ಕೊಡುವ ವಾರ್ಷಿಕ ಅನುದಾನ ಮಕ್ಕಳ ಸಂಖ್ಯೆ ಮೇಲೆ ನಿಂತಿದೆ. ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ. ಅದರಲ್ಲಿ ಕನಿಷ್ಠ ನೂರಕ್ಕೆ ಹತ್ತರಷ್ಟು ಸ್ವಚ್ಛತೆಗೆ ಇಡಬೇಕು. ಉಳಿದದ್ದರಲ್ಲಿ ಚಾಕ್‌ಪೀಸ್, ಕರೆಂಟ್, ನಲ್ಲಿ, ರಿಜಿಸ್ಟರ್, ಆಟದ ಸಾಮಾನು, ಸಣ್ಣ ರಿಪೇರಿ ಎಲ್ಲ.

ಮಲೆನಾಡಿನ ಒಂಟಿ ಮನೆಗಳ ಊರುಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆ ಅಂದರೆ ಹತ್ತು, ಹದಿನೈದು ಮಕ್ಕಳು. ಅಲ್ಲಿಗೆ ಹತ್ತು ಸಾವಿರ. ಒಬ್ಬ ಬಡಗಿ, ಇಬ್ಬರು ಕೈಯಾಳು ಒಂದು ವಾರ ಮಾಡು ಬಿಚ್ಚಿ ಕೂರಿಸಿದರೆ ಕೂಲಿಗೇ ಸಾಲಲ್ಲ, ಮರಮುಟ್ಟಿನ ಮಾತು ಬಿಡಿ. ಮಕ್ಕಳು ಕಡಿಮೆ ಆದರೆ ದುಡ್ಡು ಕಡಿಮೆ ಆಗುತ್ತೆ, ಮಾಡಿನ ಅಳತೆ ಕಡಿಮೆ ಆಗಲ್ಲ. ಈ ಲೆಕ್ಕ ಮಾಡಿದವರು ಸೋರುವ ಶಾಲೆ ನೋಡಿಲ್ಲ ಅನ್ನಿಸಿದರೆ ತಪ್ಪಿಲ್ಲ. ಅದೂ ಆ ದುಡ್ಡು ಮಳೆಗೆ ಮುಂಚೆ ಕೈಗೆ ಸಿಕ್ಕರೆ ಪುಣ್ಯ.

ದೊಡ್ಡ ದುರಸ್ತಿಗೆ ಬೇರೆ ಬಾಗಿಲು ತಟ್ಟಬೇಕು. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಕ್ರಿಯಾ ಯೋಜನೆ ಒಂದು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಇನ್ನೊಂದು, ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಶಿವಮೊಗ್ಗದಲ್ಲೇ ಕಚೇರಿ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಮತ್ತೊಂದು. ಗಾಳಿ ಮಳೆಗೆ ಮಾಡು ಹಾರಿದರೆ ವಿಪತ್ತು ಪರಿಹಾರ ನಿಧಿಯ ದುರಸ್ತಿ ಪಟ್ಟಿಯಲ್ಲಿ ಪ್ರಾಥಮಿಕ ಶಾಲೆ ಕಟ್ಟಡವೂ ಸೇರಿದೆ. ಅದಕ್ಕೆ ಹಾನಿಯಾದ ಕೂಡಲೇ ಬಿಇಒಗೂ ತಹಸೀಲ್ದಾರರಿಗೂ ವರದಿ, ಫೋಟೊ ಹೋಗಬೇಕು. ಮಳೆಗಾಲ ಮುಗಿದ ಮೇಲೆ ಹೋದ ಅರ್ಜಿಗೆ ಅದು ಹಳೇ ಸೋರಿಕೆ ಅನ್ನೋ ಉತ್ತರ ಬರುತ್ತೆ.

ಹೊಸ ಕೊಠಡಿ ವಿಚಾರಕ್ಕೆ ಬಂದರೆ 2022ರ ಮಕ್ಕಳ ದಿನಾಚರಣೆಗೆ ರಾಜ್ಯದಲ್ಲಿ ವಿವೇಕ ಯೋಜನೆ ಶುರುವಾಯ್ತು. 7,601 ಕೊಠಡಿ ಕಟ್ಟೋದು ಲೆಕ್ಕ. ಆಗ ಜನರ ಬಾಯಲ್ಲಿ ಉಳಿದದ್ದು ಕೊಠಡಿಗೆ ಯಾವ ಬಣ್ಣ ಹೊಡೀಬೇಕು ಅನ್ನೋ ಜಗಳ. 2023ರ ಮೇನಲ್ಲಿ ಶಾಲಾ ಶಿಕ್ಷಣ ಖಾತೆ ಬಂದದ್ದು ಇದೇ ಜಿಲ್ಲೆಯ ಸೊರಬ ಕ್ಷೇತ್ರದ ಮಧು ಬಂಗಾರಪ್ಪ ಅವರಿಗೆ. ಹಾಗಾಗಿ ಜಿಲ್ಲೆಯವರ ನಿರೀಕ್ಷೆ ಒಂದು ತೂಕ ಜಾಸ್ತಿಯೇ. ಸಚಿವರು ಯಾರೇ ಇರಲಿ, ಕೊಠಡಿ ಮಂಜೂರಾಗೋದು ಮೇಲೆ ಹೋದ ಪಟ್ಟಿಯಿಂದ. ನಿಮ್ಮೂರ ಶಾಲೆ ಆ ಪಟ್ಟಿಗೆ ಹೇಗೆ ಸೇರುತ್ತೆ ಅನ್ನೋದೇ ಮುಖ್ಯ.

ಕಾಗದ ಹೋಗೋ ದಾರಿ

ದಾರಿ ಶುರುವಾಗೋದು ಬೆಂಗಳೂರಿಂದ ಅಲ್ಲ, ಎಸ್‌ಡಿಎಂಸಿ ಸಭೆಯಿಂದ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಮಹಿಳೆಯರು. ಸಮಿತಿ ಶಾಲಾಭಿವೃದ್ಧಿ ಯೋಜನೆ ಬರೀಬೇಕು. ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರ ಆಗಬೇಕು ಅಂತ ಕಾಯ್ದೆಯ 22ನೇ ಕಲಂ ಹೇಳುತ್ತೆ. ಎಷ್ಟೋ ಕಡೆ ಇದು ಹಳೇ ವರ್ಷದ ಹಾಳೆಗೆ ಹೊಸ ತಾರೀಕು ಹಾಕಿ ಸಹಿ ಮಾಡೋ ಕೆಲಸ ಆಗಿದೆ. ಹಾಗಾಗಬಾರದು.

ಸಮಿತಿ ನಿರ್ಣಯ, ಫೋಟೊ ಸೇರಿಸಿ ಮುಖ್ಯ ಶಿಕ್ಷಕರು ಬಿಇಒಗೆ ಪತ್ರ ಬರೀತಾರೆ. ಸಿಆರ್‌ಪಿ ಬಂದು ನೋಡ್ತಾರೆ. ಶಿಕ್ಷಣ ಇಲಾಖೆಯವರು ಕಟ್ಟಡದ ಗಟ್ಟಿತನ ಹೇಳೋ ಹಾಗಿಲ್ಲ. ಅದಕ್ಕೆ ಬಿಇಒ ಕಚೇರಿಯಿಂದ ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಪತ್ರ ಹೋಗಬೇಕು. ಅಲ್ಲಿಂದ ಜೆಇ ಅಥವಾ ಎಇಇ ಸ್ಥಳ ತನಿಖೆ ಮಾಡಿ, ದುರಸ್ತಿ ಸಾಧ್ಯ ಇದ್ದರೆ ಅಂದಾಜು ಪಟ್ಟಿ, ಇಲ್ಲದಿದ್ದರೆ ಶಿಥಿಲ ಅಂತ ಪ್ರಮಾಣ ಪತ್ರ ಕೊಡಬೇಕು. ತೆರವಾದರೆ ಹಳೇ ಹೆಂಚು, ಮರಕ್ಕೆ ಬೆಲೆ ಕಟ್ಟಬೇಕು. ಆಮೇಲೆ ಡಿಡಿಪಿಐ ಕಚೇರಿ, ಜಿಲ್ಲಾ ಪಂಚಾಯಿತಿ. ಅನುಮತಿ ಬಂದ ಮೇಲೆ ಹರಾಜು. ಮರ ಅಡ್ಡ ಇದ್ದರೆ ಅರಣ್ಯ ಇಲಾಖೆಗೆ ಬೇರೆ ಅರ್ಜಿ.

ಹೇಳಲಿಕ್ಕೆ ಒಂದು ಪ್ಯಾರಾ, ನಡೆಯಲಿಕ್ಕೆ ವರ್ಷಗಳು. ಪ್ರತಿ ಮೇಜಿನಲ್ಲೂ ನಿಲ್ಲೋಕೆ ಕಾರಣ ಇದೆ. ಇಂಜಿನಿಯರಿಗೆ ರಸ್ತೆ, ಕುಡಿಯೋ ನೀರು, ಅಂಗನವಾಡಿ ಎಲ್ಲದರ ಕೆಲಸ ಇದೆ. ಹರಾಜಿಗೆ ಕಟ್ಟಿದ ಬೆಲೆ ಜಾಸ್ತಿಯಾದರೆ ಕೂಗೋರು ಬರಲ್ಲ. ಯಾಕಂದರೆ ಗೆದ್ದಲು ತಿಂದ ಮರ ಬಿಚ್ಚುವ ಕೂಲಿ ಅದರ ಬೆಲೆಗಿಂತ ಹೆಚ್ಚು. ಹೆಡ್ ಮಾಸ್ಟ್ರು ವರ್ಗ ಆದರೆ ಹೊಸಬರು ಫೈಲು ಹುಡುಕೋದರಿಂದ ಶುರು ಮಾಡಬೇಕು. ಇನ್ನು ತಾವಾಗಿಯೇ ಕೆಡವೋಣ ಅಂತ ಊರವರು ಹೊರಟರೆ ಅದು ಸರ್ಕಾರಿ ಆಸ್ತಿ, ಹೆಡ್ ಮಾಸ್ಟ್ರ ಕುತ್ತಿಗೆಗೆ ಬರುತ್ತೆ. ಅದಕ್ಕೇ ಅವರು ಯಾರನ್ನೂ ಮುಟ್ಟಲು ಬಿಡಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ.

ಇದರ ಜೊತೆ ಇನ್ನೊಂದು ಕಾಗದ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಶಾಲೆಗೂ 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ವರ್ಷಕ್ಕೊಮ್ಮೆ ಶಾಲೆಯವರು ಅದರಡಿ ಮಾಹಿತಿ ತುಂಬ್ತಾರೆ, ಲೆಕ್ಕಕ್ಕೆ ಹಿಡಿಯೋ ದಿನ ಸೆಪ್ಟೆಂಬರ್ 30. ಎಷ್ಟು ಕೊಠಡಿ ಚೆನ್ನಾಗಿವೆ, ಎಷ್ಟಕ್ಕೆ ಸಣ್ಣ ದುರಸ್ತಿ, ಎಷ್ಟಕ್ಕೆ ದೊಡ್ಡ ದುರಸ್ತಿ ಅಂತ ಅದರಲ್ಲೇ ಕಾಲಂ ಇದೆ. ಮಾಡು ಬಾಗಿದ ಕೊಠಡಿಯನ್ನು ಅವಸರದಲ್ಲಿ ಸಣ್ಣ ದುರಸ್ತಿ ಅಂತ ತುಂಬಿದ್ದರೆ, ದೆಹಲಿ ಬೆಂಗಳೂರಿನ ಕಂಪ್ಯೂಟರಿನಲ್ಲಿ ನಿಮ್ಮೂರ ಶಾಲೆ ಹೆಚ್ಚೂಕಮ್ಮಿ ಚೆನ್ನಾಗೇ ಇದೆ. ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ಶಾಲೆಯ ವಿವರ ಯಾರು ಬೇಕಾದರೂ ನೋಡಬಹುದು.

ಜಾಗ ಯಾರ ಹೆಸರಲ್ಲಿದೆ?

ಹಳೇ ಶಾಲೆ ಎಷ್ಟೋ ಕಡೆ ದಾನದ ಜಾಗದಲ್ಲಿ ಇದೆ. ಊರ ಹಿರಿಯರೊಬ್ಬರು ಬಾಯಿ ಮಾತಲ್ಲಿ ಕೊಟ್ಟಿರ್ತಾರೆ, ಊರವರೇ ಜಂಬಿಟ್ಟಿಗೆ ಹೊತ್ತು ಗೋಡೆ ಎಬ್ಬಿಸಿರ್ತಾರೆ. ದಾನಪತ್ರ ನೋಂದಣಿ ಆಗಿರಲ್ಲ, ಪಹಣಿಯಲ್ಲಿ ಈಗಲೂ ಅಜ್ಜನ ಹೆಸರು. ರಸ್ತೆ ಬದಿ ಸೈಟಿಗೆ ರೇಟು ಬಂದ ಮೇಲೆ ಮೊಮ್ಮಕ್ಕಳ ಲೆಕ್ಕ ಬೇರೆ ಆಗುತ್ತೆ. ಇನ್ನು ಕೆಲವು ಶಾಲೆ ಅರಣ್ಯ ಅಂತ ದಾಖಲೆ ಇರುವ ಜಾಗದಲ್ಲಿವೆ. ಹಳೇ ಕಟ್ಟಡ ನಿಂತಿರುವ ತನಕ ಯಾರೂ ಮಾತಾಡಲ್ಲ, ಕೆಡವಿ ಹೊಸತಿಗೆ ಪಾಯ ತೆಗೆಯುವ ದಿನ ತಕರಾರು ಬರುತ್ತೆ. ದಾಖಲೆ ಇಲ್ಲದ ಜಾಗಕ್ಕೆ ಮಂಜೂರಾದ ಕೊಠಡಿ ಪಕ್ಕದ ಊರಿಗೆ ಹೋಗೋದೂ ಇದೆ. ತೆರವಿಗೆ ಅರ್ಜಿ ಹಾಕೋ ಮುಂಚೆ ಪಹಣಿ ತೆಗೆಸಿ ನೋಡೋದು ಅದಕ್ಕೇ.

ಬೀಗ ಹಾಕಿದ ಮೇಲೆ ಏನಾಗುತ್ತೆ

ಶಿಥಿಲ ಅಂತ ಪ್ರಮಾಣ ಪತ್ರ ಬಂದ ಕೊಠಡಿಗೆ ದುರಸ್ತಿ ದುಡ್ಡು ಹಾಕಲ್ಲ, ಹಾಕೋದೂ ಸರಿಯಲ್ಲ. ತೆರವಾಗದೆ ಆ ಜಾಗದಲ್ಲಿ ಹೊಸತು ಏಳಲ್ಲ. ಮಕ್ಕಳು ಉಳಿದ ಒಂದು ರೂಮಿಗೆ ಬರ್ತಾರೆ. ಒಂದರಿಂದ ಮೂರನೇ ತರಗತಿ ನಲಿ-ಕಲಿ, ಅಂದರೆ ಗುಂಪು ಮಾಡಿ ಕಾರ್ಡು ಹಿಡಿದು ಹಾಡಿ ಕಲಿಯೋದು. ಅದೇ ಗೋಡೆ ನಡುವೆ ನಾಲ್ಕು, ಐದನೇ ತರಗತಿಗೆ ಗಣಿತ. ಅತ್ತ ಬಿಸಿಯೂಟದ ಒಗ್ಗರಣೆ ಹೊಗೆ. ಮಾಡಿಗೆ ತಗಡು ಹೊದಿಸಿದ ಕಡೆ ಮಳೆ ಬಂದರೆ ಮೇಷ್ಟ್ರ ಮಾತು ಎರಡನೇ ಬೆಂಚಿಗೂ ಕೇಳಲ್ಲ. ಶಿಕ್ಷಕರಿಗೊಂದು ಕೊಠಡಿ ಅಂತ ಕಾಯ್ದೆ ಹೇಳುತ್ತೆ, ಎಲ್ಲ ಋತುವಿಗೂ ತಡೆಯುವ ಕಟ್ಟಡ ಅಂತಲೂ ಹೇಳುತ್ತೆ.

ಬೀಗ ಹಾಕಿದ ಕೊಠಡಿಯೂ ಸುಮ್ಮನೆ ಇರಲ್ಲ. ಅದರಲ್ಲಿ ಅಕ್ಕಿ ಮೂಟೆ, ಹಳೇ ಡೆಸ್ಕು, ಸೌದೆ ಇಟ್ಟಿರ್ತಾರೆ. ತರಲಿಕ್ಕೆ ಅಡುಗೆಯವರು ದಿನಾ ಒಳಗೆ ಹೋಗ್ತಾರೆ, ಕೆಲವು ಸಲ ದೊಡ್ಡ ಮಕ್ಕಳನ್ನೇ ಕಳಿಸ್ತಾರೆ. ಜಗುಲಿಯಲ್ಲಿ ಮಳೆಗೆ ಮಕ್ಕಳು ನಿಲ್ತಾರೆ. ಗೋಡೆ ಪಕ್ಕ ಚೆಂಡು ಬೀಳುತ್ತೆ. ಕೊಠಡಿ ಮುಚ್ಚಿದೆ ಅಂತ ರಿಜಿಸ್ಟರಿನಲ್ಲಿ ಇದ್ದರೆ ಸಾಲಲ್ಲ, ಗೋಡೆ ಎಷ್ಟು ಎತ್ತರ ಇದೆಯೋ ಅಷ್ಟು ದೂರಕ್ಕಾದರೂ ಸುತ್ತ ಬೇಲಿ ಇರಬೇಕು. ನಾಲ್ಕು ಗೂಟ, ಒಂದು ಸುತ್ತು ತಂತಿ. ಇದಕ್ಕೆ ಯಾರ ಮಂಜೂರಾತಿಯೂ ಬೇಡ.

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಊರಲ್ಲಿ ಸರ್ಕಾರಿ ಶಾಲೆ ಕಟ್ಟಡ ಬೆಳಿಗ್ಗೆ ಹೊತ್ತಲ್ಲಿ ಕುಸಿದು ಏಳು ಮಕ್ಕಳು ತೀರಿಕೊಂಡರು. ಮೇಲಿಂದ ಕಲ್ಲು ಉದುರುತ್ತಿದೆ ಅಂತ ಮಕ್ಕಳು ಮೊದಲೇ ಹೇಳಿದ್ದರು ಅಂತ ಆಗ ವರದಿಯಾಗಿತ್ತು. ಮಾರನೇ ದಿನವೇ ಎಲ್ಲ ರಾಜ್ಯಗಳೂ ಶಾಲೆಗಳ ಸುರಕ್ಷತೆ ಪರಿಶೀಲನೆ ಮಾಡಬೇಕು ಅಂತ ಕೇಂದ್ರ ಶಿಕ್ಷಣ ಸಚಿವಾಲಯ ಸೂಚನೆ ಕೊಟ್ಟಿತು. ಅದಕ್ಕೂ ಎಷ್ಟೋ ಮುಂಚೆ, 2004ರಲ್ಲಿ ತಮಿಳುನಾಡಿನ ಕುಂಭಕೋಣಂನ ಶಾಲೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. ಆ ಪ್ರಕರಣದ ಹಿನ್ನೆಲೆಯಲ್ಲೇ 2009ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕು ಅಂದರೆ ಸುರಕ್ಷಿತ ಶಾಲೆಯಲ್ಲಿ ಕಲಿಯೋ ಹಕ್ಕೂ ಹೌದು ಅಂತ ತೀರ್ಪು ಕೊಟ್ಟಿತು. ಹಾಗಾಗಿ ನಮ್ಮ ಮಕ್ಕಳ ರೂಮಿನ ಮಾಡು ಸರಿ ಮಾಡಿ ಅಂತ ಕೇಳೋದು ಯಾರ ಹತ್ತಿರವೂ ಕೈಚಾಚಿದ ಹಾಗಲ್ಲ.

ಪೇಟೆಯವರಿಗೂ ಸಂಬಂಧ ಇದೆ

ಕೊಠಡಿಗೆ ಬೀಗ ಬಿದ್ದ ಮುಂದಿನ ಜೂನಿನಲ್ಲಿ ದಾಖಲಾತಿ ನೋಡಿದರೆ ಗೊತ್ತಾಗುತ್ತೆ. ಅನುಕೂಲ ಇರೋರು ಮಕ್ಕಳನ್ನು ಪೇಟೆಯ ಖಾಸಗಿ ಶಾಲೆ ವ್ಯಾನಿಗೆ ಹತ್ತಿಸ್ತಾರೆ. ಉಳಿಯೋದು ತೋಟದ ಕೂಲಿಯವರ, ವ್ಯಾನ್ ಫೀಸು ಕಟ್ಟಲಾಗದವರ ಮಕ್ಕಳು. ಮಕ್ಕಳು ಹೋದರೆ ಹೊಸ ಕೊಠಡಿ ಕೇಳಲಿಕ್ಕೆ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದ್ದಕ್ಕೆ ಶಿಕ್ಷಕರು ಒಬ್ಬರೇ ಉಳೀತಾರೆ. ಸೋರಿಕೆಯಿಂದ ಶುರುವಾದದ್ದು ಶಾಲೆ ಮುಚ್ಚೋ ತನಕ ಹೋಗುತ್ತೆ. ಶಾಲೆ ಇಲ್ಲದ ಊರಲ್ಲಿ ಹೊಸ ಸಂಸಾರ ನಿಲ್ಲಲ್ಲ. ಕೈಮರದ ಹತ್ತಿರದ ಗೂಡಂಗಡಿ, ಪುಸ್ತಕದ ಅಂಗಡಿ, ಟೈಲರ್, ಎಲ್ಲರ ವ್ಯಾಪಾರವೂ ಅದಕ್ಕೆ ತಗುಲಿಕೊಂಡಿದೆ.

ಚುನಾವಣೆ ಬಂದಾಗ ಇದೇ ಶಾಲೆ ಮತಗಟ್ಟೆ ಆಗುತ್ತೆ. ಆಗ ನಾಲ್ಕು ದಿನದಲ್ಲಿ ಬಲ್ಬು ಬರುತ್ತೆ, ಇಳಿಜಾರು ಮೆಟ್ಟಿಲು ಆಗುತ್ತೆ, ನಲ್ಲಿಗೆ ನೀರು ಬರುತ್ತೆ. ಮಾಡಬೇಕು ಅಂದರೆ ಆಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಹೆಡ್ ಮಾಸ್ಟ್ರು ಎಷ್ಟು ಪತ್ರ ಬರೆದರೂ ಅವರು ಇಲಾಖೆಯ ನೌಕರರು, ಒಂದು ಮಿತಿಗಿಂತ ಹೆಚ್ಚು ಒತ್ತಾಯ ಮಾಡಲಾರರು. ಪೋಷಕರು ಮಾಡಬಹುದು. ಬಿಇಒ ಕಚೇರಿಗೆ ಹೋದಾಗ ಪತ್ರ ಕೊಟ್ಟಿದ್ದೇವೆ ಅಂದರೆ ಸಾಲದು, ಆವಕ ಸಂಖ್ಯೆ ಮತ್ತು ತಾರೀಕು ಬರೆಸಿಕೊಳ್ಳಬೇಕು. ಆ ಸಂಖ್ಯೆ ಇದ್ದರೆ ಇಂಜಿನಿಯರಿಂಗ್ ಉಪವಿಭಾಗಕ್ಕೆ ಯಾವಾಗ ಕಳಿಸಿದ್ರಿ ಅಂತ ಕೇಳಬಹುದು. ಉತ್ತರ ಬರಲಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಸ್ಥಳ ತನಿಖಾ ವರದಿಯ ನಕಲು ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ ಅಂತ ಕಾಯ್ದೆಯಲ್ಲಿದೆ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಹೇಳಿದರೆ ಪಿಡಿಒಗೂ ತಳ್ಳಿಹಾಕೋದು ಕಷ್ಟ.

ದಾನ ಕೊಡೋರು ಏಪ್ರಿಲಿನಲ್ಲೇ ಕೊಡಬೇಕು. ಆಗಸ್ಟ್ 15ಕ್ಕೆ ಕೊಟ್ಟರೆ ಆ ವರ್ಷದ ಮಳೆ ಅರ್ಧ ಮುಗಿದಿರುತ್ತೆ. ಏಪ್ರಿಲಿನಲ್ಲಿ ಬಡಗಿಗಳು ಸಿಗ್ತಾರೆ, ಮರ ಒಣಗಿರುತ್ತೆ, ಶಾಲೆಗೆ ರಜೆ. ಎಸ್‌ಡಿಎಂಸಿ ನಿರ್ಣಯ ಬರೆದು, ಹೆಡ್ ಮಾಸ್ಟ್ರ ಸಹಿ ಹಾಕಿಸಿ, ಒಡೆದ ಹೆಂಚು ಬದಲಾಯಿಸೋದು ಸಣ್ಣ ದುರಸ್ತಿ. ತಾರಸಿ ಇದ್ದರೆ ಎಲೆ ಗುಡಿಸಿ ಪೈಪಿನ ಬಾಯಿ ಬಿಡಿಸೋದು ಒಬ್ಬ ಆಳಿನ ಅರ್ಧ ದಿನದ ಕೆಲಸ. ಪಕಾಸು ಕೊಳೆತಿದೆ, ಗೋಡೆ ಸರಿದಿದೆ ಅನ್ನೋ ಕಡೆ ಮಾತ್ರ ಊರವರು ಕೈ ಹಾಕಬಾರದು, ಅದು ಇಂಜಿನಿಯರ್ ನೋಡಬೇಕಾದ್ದು.

ಎಸ್‌ಡಿಎಂಸಿ ಮುಂದಿನ ಸಭೆ ಯಾವತ್ತು ಅಂತ ಶಾಲೆಯಲ್ಲಿ ಕೇಳಿದರೆ ಹೇಳ್ತಾರೆ. ಹೋಗುವಾಗ ಯುಡೈಸ್‌ನಲ್ಲಿ ಹೋದ ವರ್ಷ ತುಂಬಿದ ಹಾಳೆ ತೋರಿಸಿ ಅಂತ ಕೇಳಿ, ಅದರಲ್ಲಿ ಬರೆದಿರುವ ಕೊಠಡಿ ಸ್ಥಿತಿಯನ್ನೂ ತಲೆ ಮೇಲಿನ ಮಾಡನ್ನೂ ಒಮ್ಮೆ ತಾಳೆ ನೋಡಿ.